ಕುಂಟ ಟಗರಿನ ಬಾಲ

ಡಾಲಿಬರ್ಗ್, ಶನಿವಾರ

ಅಪ್ಪಾ,

ನೀನು ಮಣ್ಣು ಸೇರಿ ಒಂಬತ್ತು ತಿಂಗಳಾದ ಮೇಲೆ ಕಾಗದ ಬರೀತಿದ್ದೀನಿ, ಬೈಕೋಬೇಡ. ಇವತ್ತು ಮಧ್ಯಾಹ್ನ ಪಕ್ಕದ ಮನೆ ಮದುವೇಲಿ ಬ್ಯಾಗ್‌ಪೈಪ್ ಊದೋಕೆ ನಿಂತಿದ್ದೆ. ನಿನ್ನ ತಂಗಿ ಕರ್ಸ್ಟಿ ಅತ್ತೆ ವಿಸ್ಕಿ ಲೋಟ ಎತ್ತಿ ಕೂಗಿದಳು: “ಏ ಇಶ್ಬೆಲ್, ನಿಮ್ಮಪ್ಪನ ‘ಕುಂಟ ಟಗರು’ ಜಿಗ್ ಊದೇ! ಬಾಲ ನುಂಗಿದ್ರೆ ನೋಡು!”

ಬಾಲ ಅಂದ್ರೆ ಆ ಕುಣಿತದ ಧಾಟಿಗೆ ನೀನು ಕೊನೇಲಿ ಊದ್ತಿದ್ದ ಐದನೇ ಭಾಗ. ಪೈಪ್ ಸ್ಪರ್ಧೆ ಗೆದ್ದು ಬಂದ ಕೊಬ್ಬಲ್ಲಿ ಸ್ವರದ ಪುಸ್ತಕ ಬಿಚ್ಚಿ ನಿನ್ನ ಮುಖಕ್ಕೆ ಹಿಡಿದಿದ್ದೆನಲ್ಲ, “ನಾಲ್ಕೇ ಭಾಗ ಇರೋದು, ಐದನೇದು ನಿನ್ನ ಕುಡಿತ ಕಟ್ಟಿದ್ದು” ಅಂತ. ಆಮೇಲೆ ನಾನು ನಿನ್ನ ಜೊತೆ ಮಾತೇ ಬಿಟ್ಟೆ.

ಇವತ್ತು ನಾಲ್ಕೂ ಭಾಗ ಸಲೀಸಾಗಿ ಬಂತು. ಐದಕ್ಕೆ ಬರ್ತಿದ್ದ ಹಾಗೇ ಬೆರಳು ‘ಅತ್ತಿಗೆಯ ಕೋಳಿ’ಗೆ ಜಾರಿತು. ಎರಡೂ ಒಂದೇ ಹೊಟ್ಟೇಲಿ ಹುಟ್ಟಿದ ಜಿಗ್‌ಗಳು ತಾನೇ. ಮತ್ತೆ ಮೊದಲಿಂದ ಊದಿದೆ, ಮತ್ತೆ ಅದೇ ಕೋಳಿ. ಮೂರನೇ ಸಲಕ್ಕೆ ಕುಣಿಯೋರು ನಿಂತೇಬಿಟ್ಟರು.

ಅತ್ತೆಯ ಕೈ ಹಿಡಕೊಂಡು ಬೇಡಿದೆ: “ಒಂದು ಸಾಲು ಗುನುಗು ಅತ್ತೆ, ನಿನ್ನ ದಮ್ಮಯ್ಯ.”

ಅವಳು ಬಾಯಿ ತೆರೆದಳು. ಬಂದಿದ್ದು ಕೋಳಿಯೇ.

“ನಂಗೆಲ್ಲಿ ಬರ್ಬೇಕೇ? ನೀನು ಮಾತು ಬಿಟ್ಟ ಬೇಸಿಗೇಲಿ ನಿಮ್ಮಪ್ಪ ದಿನಾ ನಿನ್ನ ಕಿಟಕಿ ಕೆಳಗೆ ನಿಂತು ಬಾಯಲ್ಲೇ ಹಾಡ್ತಿದ್ದನಲ್ಲ, ನೀನು ಕಲೀಲಿ ಅಂತ!”

ಆಗೆಲ್ಲ ನಾನು ಕಿಟಕಿ ಜಡಿದು ರೇಡಿಯೋ ಜೋರು ಮಾಡ್ತಿದ್ದೆ.

ಒಂದೇ ಒಂದು ಸಾಲು ಅಪ್ಪಾ. ಇನ್ಯಾರನ್ನ ಕೇಳಲಿ? ಆ ಬೇಸಿಗೆ ರೇಡಿಯೋದಲ್ಲಿ ಬಂದ ಹಾಡುಗಳು ಮಾತ್ರ ಒಂದೂ ಬಿಡದೆ ಬಾಯಿಗೆ ಬರ್ತಿವೆ.

ಇಶ್ಬೆಲ್