ಇಪ್ಪತ್ತಹತ್ತು

ಜುಲೈ 8, ಮಂಗಳವಾರ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನಗುವೂ ಹಾಗೇ. ನಿನ್ನೆ ನಕ್ಕಿದ್ದನ್ನು ಇವತ್ತು ವಾಪಸ್ ತಗೊಳ್ಳೋಕಾಗಲಿಲ್ಲ.

ನಮ್ಮ ಒಂದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಪುಟ್ಟವಳು ಗುಬ್ಬಿ. ನಿನ್ನೆ ಎದ್ದು ನಿಂತು ಎಣಿಸುತ್ತಿದ್ದಳು: ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು! ನಾನು ನಕ್ಕುಬಿಟ್ಟೆ. ಟೀಚರೇ ನಕ್ಕ ಮೇಲೆ ಮಕ್ಕಳು ಬಿಟ್ಟಾರೆಯೇ? ಇವತ್ತು ಹಾಜರಿ ಕರೆದಾಗ ಗುಬ್ಬಿ ಬಾಯಿ ಬಿಡಲಿಲ್ಲ, ಸುಮ್ಮನೆ ಕೈ ಎತ್ತಿದಳು.

ಮಧ್ಯಾಹ್ನ ಐಸ್‌ಕ್ರೀಮ್ ಕಡ್ಡಿಗಳ ಡಬ್ಬಿ ತಗೊಂಡು ಅವಳ ಪಕ್ಕ ನೆಲದ ಮೇಲೆ ಕೂತೆ. ಹತ್ತು ಕಡ್ಡಿ ಆದರೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಕಟ್ಟು ಮಾಡಬೇಕು, ಅದು ಕ್ಲಾಸಿನ ನಿಯಮ. ಆದರೆ ಡಬ್ಬಿಯಲ್ಲಿ ಉಳಿದಿದ್ದು ಎರಡೇ ಬ್ಯಾಂಡ್. ಮಿಕ್ಕವೆಲ್ಲ ಮಕ್ಕಳ ಬೆರಳಿಂದ ಹಾರಿ ಎಲ್ಲೆಲ್ಲೋ ಸೇರಿವೆ. ಅವಳು ಎರಡು ಕಟ್ಟು ಕಟ್ಟಿದಳು. ಇನ್ನೂ ಹತ್ತು ಕಡ್ಡಿ ಬಿಡಿಯಾಗಿ ಸಾಲಾಗಿಟ್ಟಳು.

"ಎಷ್ಟಾಯ್ತು ಪುಟ್ಟಿ?"

ಅವಳು ಕಡ್ಡಿಗಳ ಕಡೆ ಬೆರಳು ತೋರಿಸಿದಳು. ನಾನೇ ನೋಡಿದೆ. ಕಟ್ಟಿನಲ್ಲಿ ಇಪ್ಪತ್ತು, ಬಿಡಿ ಹತ್ತು. ಇಪ್ಪತ್ತಹತ್ತೇ! ಇಷ್ಟು ವರ್ಷ ಪಾಠ ಮಾಡಿದ ಈ ತಲೆಗೆ ಅದು ಹೊಳೆದಿರಲಿಲ್ಲ.

"ನಿನ್ನೆ ನೀನು ಹೇಳಿದ್ದು ಸರಿಯಾಗೇ ಇತ್ತು ಕಣೇ. ನಾನು ನಗಬಾರದಿತ್ತು," ಅಂದೆ.

ಅವಳು ತನ್ನ ಜಡೆಯ ರಬ್ಬರ್ ಬ್ಯಾಂಡನ್ನೇ ಎಳೆದು ಆ ಹತ್ತು ಕಡ್ಡಿಗೂ ಸುತ್ತಿದಳು.

"ಈಗ ಮೂವತ್ತು, ಟೀಚರ್," ಅಂದಳು. "ಕಟ್ಟದೇ ಇದ್ರೆ ಎಲ್ರೂ ನಗ್ತಾರೆ."