ನಾಲ್ಕನೆಯ ಹತ್ತು

ಗೋಣಿಬೀಡು,
ಭಾನುವಾರ, 3-3-2002

ನನ್ನ ಲೂರ್ದುವಿಗೆ, ಅವ್ವನ ಪ್ರೀತಿ ಮತ್ತು ಆಶೀರ್ವಾದ.

ಹೇಗಿದ್ದೀಯ? ಚಿಕ್ಕಮಗಳೂರಿನ ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತೇ? ಅಳಿಯಂದಿರು ಚನ್ನಬಸವ ಅವರು, ನಿನ್ನ ಅತ್ತೆ ಸಿದ್ದಗಂಗಮ್ಮನವರು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ರೋಬಸ್ಟಾ ಕೊಯ್ಲು ಮುಗಿಯಿತು. ಕಾಫಿಗೆ ರೇಟಿಲ್ಲವೆಂದು ಸಾಹುಕಾರರ ಮುಖ ಗಂಟು, ಅವರ ಮುಖ ನೋಡಿ ಮೇಸ್ತ್ರಿಯಾದ ನಿಮ್ಮಪ್ಪನ ಮುಖ ಗಂಟು, ಕೊನೆಗೆ ಅದೆಲ್ಲ ಬಂದು ಬೀಳುವುದು ನನ್ನ ಸಾರಿನ ಮೇಲೆ. ನನ್ನ ಮಂಡಿನೋವು ಹಾಗೇ ಇದೆ. ಅಜ್ಜಿಗೆ ಕಿವಿ ಇನ್ನಷ್ಟು ಮಂದವಾಗಿದೆ. ನಿನ್ನ ತಮ್ಮ ಇನ್ನಾಸಿ ಪರೀಕ್ಷೆಗೆ ಓದುತ್ತಿದ್ದಾನೆ, ಅಂದರೆ ಪುಸ್ತಕ ಬಿಚ್ಚಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಾನೆ.

ನನಗೆ ಸುಸ್ತಾಗಿದೆ ಮಗಳೇ. ತೋಟದ ಕೆಲಸದ ಸುಸ್ತಲ್ಲ, ಅದು ಮಲಗಿದರೆ ಹೋಗುತ್ತದೆ. ಇದು ಸಂಜೆ ಜಪಸರಕ್ಕೆ ಕೂರುವಾಗ ಆಗುವ ಸುಸ್ತು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹತ್ತು ಮಣಿ ಸೇರಿದರೆ ಒಂದು ಹತ್ತು, ಅಂಥ ಐದು ಹತ್ತು, ನಾವು ಐದು ಜನ. ಅವರವರ ಹತ್ತಕ್ಕೆ ಅವರವರು ಪ್ರಾರ್ಥನೆಯ ಮೊದಲ ಅರ್ಧ ಹೇಳಬೇಕು, ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು. ಮೊದಲು ಅಪ್ಪ, ಆಮೇಲೆ ಅಜ್ಜಿ, ಆಮೇಲೆ ನಾನು. ನಾಲ್ಕನೆಯದು ನಿನ್ನದು, ಕಡೆಯದು ಇನ್ನಾಸಿಯದು. ಹೋದ ವರ್ಷ ನೀನು ರಿಜಿಸ್ಟರ್ ಮದುವೆಯಾದ ಸುದ್ದಿ ಬಂದ ದಿನ ನಿಮ್ಮಪ್ಪ, "ಇನ್ನು ಈ ಮನೇಲಿ ಅವಳ ಹೆಸರು ಎತ್ಬೇಡಿ" ಎಂದರು. ಆ ಸಂಜೆ ನನ್ನ ಹತ್ತು ಮುಗಿದ ಮೇಲೆ ಯಾರೂ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತು ಕಾದು ಇನ್ನಾಸಿ ತನ್ನದನ್ನು ಶುರು ಮಾಡಿದ. ಅಂದಿನಿಂದ ಹೀಗೇ. ನಾಲ್ಕೇ ಹತ್ತು ಹೇಳಿ, ಐದೂ ಹೇಳಿದವರ ಹಾಗೆ ಶಿಲುಬೆ ಗುರುತು ಹಾಕಿ ಏಳುತ್ತೇವೆ.

ನಿಮ್ಮಪ್ಪನ ಮೇಲೆ ನನಗೆ ಸಿಟ್ಟಿದೆ. ತನಗೊಂದು ನ್ಯಾಯ, ಮಗಳಿಗೊಂದು ನ್ಯಾಯ. ಆಗ ರುದ್ರಾಣಿಯಾಗಿದ್ದ ನನ್ನನ್ನು ಅವರು ಕಟ್ಟಿಕೊಂಡು ಬಂದಾಗ ನನ್ನ ತವರಿನವರೂ ಹೀಗೇ ಬಾಗಿಲು ಹಾಕಿದ್ದರು. ಕೇಳಿದರೆ, ನೀನು ಜ್ಞಾನಸ್ನಾನ ಪಡೆದು ಕ್ಲಾರಮ್ಮ ಆದೆಯಲ್ಲ ಎನ್ನುತ್ತಾರೆ. ಹೆಸರೇನೋ ಒಂದೇ ದಿನಕ್ಕೆ ಬದಲಾಯಿತು. ನಾನು ಮಾತ್ರ ಎಷ್ಟೋ ತಿಂಗಳು ಅಡುಗೆಮನೆ ಬಾಗಿಲ ಹತ್ತಿರ ಕೂತು ಇವರ ಪ್ರಾರ್ಥನೆಯನ್ನು ಪಕ್ಕದ ಮನೆಯ ಜಗಳದಂತೆ ಕೇಳುತ್ತಿದ್ದೆ. ಕೊನೆಗೆ ಗದರಿ ಕರೆದವರು ಅಜ್ಜಿ: "ಅರ್ಥ ಆಮೇಲೆ ಆಗ್ತದೆ, ಮೊದ್ಲು ಬಾಯಿ ಸೇರ್ಸು ಮಾರಾಯ್ತಿ." ಸೇರಿಸಿದೆ. ಯಾವ ದಿನ ಇವರವಳಾದೆನೋ ತಿಳಿಯದು, ಒಂದು ಸಂಜೆ ನೋಡಿದರೆ ಮೂರನೆಯ ಹತ್ತು ನನ್ನದಾಗಿತ್ತು. ಸಿದ್ದಗಂಗಮ್ಮನವರು ಪೂಜೆಗೆ ಕೂತಾಗ ನೀನೂ ಒಳಗೆ ಹೋಗಿ ಮುಖ ಊದಿಸಿಕೊಂಡಿರಬೇಡ, ಜೊತೆಗೆ ಕೂರು. ನಿನ್ನ ಜಪಸರವನ್ನೂ ಬಿಡಬೇಡ. ಆದರೆ ಅಲ್ಲಿ ಎರಡು ಅರ್ಧವನ್ನೂ ನೀನೊಬ್ಬಳೇ ಹೇಳಿಕೊಳ್ಳಬೇಕಲ್ಲ ಎಂದು ನೆನೆದರೆ ನನಗೆ ಅಳು ಬರುತ್ತದೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಮರಿಯಮ್ಮನವರು ನಿನ್ನನ್ನು ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಅವ್ವ,
ಕ್ಲಾರಮ್ಮ

ವಿ.ಸೂ.: ಕವರ್ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ನಿನ್ನೆ ತಪಸ್ಸುಕಾಲದ ಪ್ರಾರ್ಥನೆಗೆ ತೋಟದ ಕೂಲಿ ಲೈನಿನ ನಮ್ಮ ಸಭೆಯವರೆಲ್ಲ ನಮ್ಮ ಮನೆಗೆ ಬಂದಿದ್ದರು. ನನ್ನ ಹತ್ತು ಮುಗಿದದ್ದೇ, ತೋಟಕ್ಕೆ ಹೊಸದಾಗಿ ಬಂದಿರುವ ತಂಗಮ್ಮ, ಪಾಪ, ಗೊತ್ತಿಲ್ಲದೆ ನಾಲ್ಕನೆಯದನ್ನು ಎತ್ತಿಕೊಂಡಳು. ನಿಮ್ಮಪ್ಪ ಮುಚ್ಚಿದ ಕಣ್ಣು ಬಿಡದೆಯೇ, "ತಡಿಯಮ್ಮ, ಅದು ನಮ್ಮ ಲೂರ್ದುದು" ಎಂದುಬಿಟ್ಟರು. ಅಷ್ಟು ಜನರ ಮುಂದೆ. ಇನ್ನಾಸಿ ಐದನೆಯದನ್ನು ಶುರು ಮಾಡಿದ. ಕರೆಯಲು ಅವರಿಗೆ ಬಾಯಿ ಬರುವುದಿಲ್ಲ, ನಾನು ಕರೆಯುತ್ತಿದ್ದೇನೆ. ಈಸ್ಟರ್‌ಗೆ ಮುಂಚೆ ಒಂದು ಸಂಜೆ ಬಾ. ಅಳಿಯಂದಿರನ್ನೂ ಕರೆದುಕೊಂಡು ಬಾ. ಅವರು ಬಾಯಿ ಸೇರಿಸಬೇಕೆಂದೇನಿಲ್ಲ. ಅಡುಗೆಮನೆ ಬಾಗಿಲ ಹತ್ತಿರ ನಾನು ಕೂರುತ್ತಿದ್ದ ಜಾಗ ಖಾಲಿಯೇ ಇದೆ.