ಪ್ಲಾಸ್ಟಿಕ್ ಹಾಳೆ ಕೀಳದವನು

ಗೆಳೆಯ ಮಂಜ,

ಶ್ರೀನಿವಾಸಪುರದಲ್ಲಿ ನಾವಿಬ್ಬರೂ ಸೇರಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಮೊದಲ ಬೇಸಿಗೆ ನಿನಗೆ ನೆನಪಿದೆಯಾ? ಮಾವಿನ ಸುಗ್ಗಿಯ ಆ ಬಿಸಿಲಿಗೆ ಊರಿನ ಕಂಪ್ಯೂಟರ್‌ಗಳೆಲ್ಲ ಕಾದು ನಿಂತುಹೋಗುತ್ತಿದ್ದವು. ಶಾಖ ಇಳಿಸಲು ಪ್ರೊಸೆಸರ್ ಮೇಲೆ ಹಚ್ಚುವುದಕ್ಕೆ ಅಗ್ಗದ ಬಿಳಿ ಪೇಸ್ಟೇ ಸಾಕು ಅಂದೆ ನಾನು. ನೀನು ಬೆಂಗಳೂರಿಗೆ ಹೋಗಿ ಬೂದು ಬಣ್ಣದ ಟ್ಯೂಬ್ ಹುಡುಕಿ ತಂದೆ. ‘ಬಿಳೀದು ಬೇಗ ಒಣಗಿ ಸುಣ್ಣ ಆಗೋಗುತ್ತೆ ಕಣೋ ಸೀನ’ ಅಂದೆ.

ಮೊದಲ ಸಲ ನಾನು ಹಚ್ಚಿದ್ದನ್ನು ಕಂಡು ನಕ್ಕುಬಿಟ್ಟೆಯಲ್ಲ. ‘ಏನ್ಲಾ, ಬೆಣ್ಣೆ ದೋಸೆ ಮಾಡ್ತಿದ್ದೀಯಾ? ಅಕ್ಕಿಕಾಳಷ್ಟು ಸಾಕು. ಪ್ರೊಸೆಸರ್‌ಗೂ ಮೇಲೆ ಕೂರೋ ಕೂಲರ್‌ಗೂ ಮಧ್ಯೆ ಗಾಳಿ ನಿಲ್ಲಬಾರದು, ಅಷ್ಟೇ. ಜಾಸ್ತಿ ಹಾಕಿದ್ರೆ ಕಂಬಳಿ ಹೊದ್ದಿಸ್ದಂಗೆ.’ ಬಟ್ಟೆಗೆ ಸ್ಪಿರಿಟ್ ಅದ್ದಿ ಎಲ್ಲ ಒರೆಸಿ, ನನ್ನ ಕೈಯಲ್ಲೇ ಮತ್ತೆ ಹಾಕಿಸಿದೆ.

ಆಮೇಲೆ ಆ ಶುಕ್ರವಾರ. ಫೋಟೋ ಸ್ಟುಡಿಯೋದವರ ಕಂಪ್ಯೂಟರ್‌ಗೆ ನಾನು ಹೊಸ ಕೂಲರ್ ಕೂರಿಸುತ್ತಿದ್ದೆ. ನನಗೆ ಹೆಣ್ಣು ನೋಡಲು ಕೋಲಾರಕ್ಕೆ ಹೋಗುವ ಅವಸರ. ‘ಕೂಲರ್ ತಳಕ್ಕೆ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಕಿತ್ಯಾ?’ ಅಂತ ನೀನು ಕೇಳಿದೆ. ‘ಹ್ಞೂಂ, ಕಿತ್ತೆ’ ಅಂದೆ ನಾನು. ನೋಡದೆಯೇ ಅಂದೆ. ಓಡಿಸಿ ಪರೀಕ್ಷೆ ಮಾಡಲೂ ಇಲ್ಲ. ನೀನು ನನ್ನ ಮಾತು ನಂಬಿ ಅದನ್ನು ಸ್ಟುಡಿಯೋಗೆ ತಲುಪಿಸಿದೆ. ಹಾಳೆ ಉಳಿದರೆ ಶಾಖ ಕೂಲರ್‌ಗೆ ದಾಟದೆ ಆ ಕಾಲದ ಪ್ರೊಸೆಸರ್‌ಗಳು ಸುಟ್ಟೇ ಹೋಗುತ್ತಿದ್ದವು...

ಸಂಜೆ ನಾನು ಬಸ್ ಇಳಿದಾಗ ಸ್ಟುಡಿಯೋ ಮಾಲೀಕರು ಬೀದಿಯಲ್ಲೇ ನಿನ್ನ ಮೇಲೆ ಕೂಗಾಡುತ್ತಿದ್ದರು. ಕಂಪ್ಯೂಟರ್ ಸುಟ್ಟು, ಮರುದಿನ ಕೊಡಬೇಕಿದ್ದ ಮದುವೆ ಆಲ್ಬಮ್ ನಿಂತುಹೋಗಿತ್ತು. ಕೂಲರ್ ಬಿಚ್ಚಿದ್ದವನು ನೀನೇ; ಮುದುಡಿದ ಆ ಹಾಳೆಯನ್ನು ಕಂಡಿದ್ದವನೂ ನೀನೇ. ಜನರ ಹಿಂದೆ ನಿಂತಿದ್ದ ನನ್ನ ಮುಖವನ್ನೊಮ್ಮೆ ನೋಡಿ, ‘ತಪ್ಪು ನಂದೇ ಸಾರ್, ನಾನೇ ಹಾಳೆ ಕೀಳಲಿಲ್ಲ’ ಅಂದೆ. ನಾನು ಬಾಯಿ ಬಿಡಲಿಲ್ಲ. ಆ ರಾತ್ರಿಯೂ ಬಿಡಲಿಲ್ಲ. ನೀನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಮಂಜ?

‘ಮಂಜು ಬೇಡ, ನೀನೇ ಬಾ’ ಎಂದು ಜನ ನನ್ನನ್ನು ಕರೆಯತೊಡಗಿದ್ದು ಅದಾದ ಮೇಲೆ. ನಾನು ಹೋದೆ. ನೀನು ಕಲಿಸಿದ ಹಾಗೇ ಅಕ್ಕಿಕಾಳಷ್ಟು ಹಾಕಿ, ‘ಒಳ್ಳೆ ಕೈ’ ಅನ್ನಿಸಿಕೊಂಡೆ. ಮಾಡಲು ಕೆಲಸವಿಲ್ಲದೆ ನೀನು ಮಾಲೂರಿನ ಕಾರ್ಖಾನೆ ಸೇರಿದೆ. ಅಲ್ಲಿನ ಬಾಡಿಗೆ ರೂಮಿನಲ್ಲಿ ಕಾಮಾಲೆ ಹಿಡಿದಾಗ ಯಾರಿಗೂ ಹೇಳಲಿಲ್ಲ. ನಾನು ಕೋಲಾರದ ಆಸ್ಪತ್ರೆಗೆ ಬರುವಷ್ಟರಲ್ಲಿ ನಿನ್ನ ಕಣ್ಣು ಅರಿಶಿನವಾಗಿತ್ತು, ನಿನಗೆ ನನ್ನ ಗುರುತು ಸಿಗಲಿಲ್ಲ. ಹೇಳಬೇಕೆಂದೇ ಬಂದಿದ್ದೆ ಕಣೋ. ಮೂರನೆಯ ದಿನ ನೀನೇ ಇರಲಿಲ್ಲ.

ಕಳೆದ ವಾರ ಸ್ಟುಡಿಯೋಗೆ ಹೋಗಿ ಎಲ್ಲ ಹೇಳಿದೆ. ಮಾಲೀಕರು, ‘ಯಾವ ಮಂಜು?’ ಅಂದರು. ನಿನ್ನ ಹೆಸರು ಕೆಡಿಸಿದ ಬಾಯಿಗೆ ನಿನ್ನ ಹೆಸರೇ ನೆನಪಿರಲಿಲ್ಲ.

ನಿನ್ನೆ ಭಾನುವಾರ. ನೀನು ಹೋದ ಮೇಲೆ ಪ್ರತಿ ಭಾನುವಾರವೂ ನಿನ್ನಮ್ಮನನ್ನು ನೋಡಲು ಹೋಗುತ್ತಿದ್ದೆ. ‘ನನ್ನ ಮಗನ ಹಂಗೇ ನೋಡ್ಕೋತಾನೆ’ ಎಂದು ನೆರೆಯವರ ಮುಂದೆ ಅವರು ಹೇಳುವಾಗೆಲ್ಲ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ನಿನ್ನೆ ಅವರಿಗೂ ಹೇಳಿಬಿಟ್ಟೆ. ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು.

‘ವಾಡಿಕಿ ತೆಲುಸಾ?’ ಅಂದರು ತಮ್ಮ ತೆಲುಗಿನಲ್ಲಿ. ಅವನಿಗೆ ಗೊತ್ತಿತ್ತಾ?

‘ಗೊತ್ತಿತ್ತಮ್ಮ.’

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತಾದ ಮೇಲೆ ಬಂದು ತಟ್ಟೆ ಇಟ್ಟು, ಅನ್ನ, ಹುಳಿ ಬಡಿಸಿದರು. ‘ತಿನ್ನು ನಾಯ್ನಾ’ ಅಂದರು. ತಿನ್ನಪ್ಪ. ನಾನು ಕೈ ತೊಳೆದು ಏಳುವವರೆಗೂ ಎದುರಿಗೇ ಕೂತಿದ್ದರು. ಆಮೇಲೆ, ‘ಇನ್ಮೇಲೆ ಬರಬೇಡ’ ಅಂದರು.